ನಮ್ಮ ರುಚಿ ಹಿಡಿದು ನುಡಿಸುವ ಇಂಟರ್ನೆಟ್ ರೇಡಿಯೋ: ಕೇಳುಗರು ಪದೇ ಪದೇ ಕೇಳುವ ಪ್ರಶ್ನೆಗಳು

ಟ್ರಾನ್ಸಿಸ್ಟರ್‌ನ ಮುಳ್ಳು ತಿರುಗಿಸಿ ನಿಲಯ ಹುಡುಕುತ್ತಿದ್ದವರು ಈಗ ಮೊಬೈಲ್‌ನಲ್ಲಿ ಒಂದು ಹಾಡನ್ನು ಒತ್ತಿ, ಅದರ ಬೆನ್ನಿಗೆ ತಾನಾಗಿ ಬರುವ ಹಾಡುಗಳಿಗೆ ಕಿವಿಗೊಡುತ್ತಾರೆ. ಹಾಗೆ ಬರುವ ಹಾಡು ಯಾರ ಆಯ್ಕೆ, ಅದನ್ನು ಎಷ್ಟರ ಮಟ್ಟಿಗೆ ನಂಬಬೇಕು ಎಂದು ನೆಂಟರು, ಸ್ನೇಹಿತರು ನನ್ನನ್ನು ಕೇಳುತ್ತಲೇ ಇರುತ್ತಾರೆ. ಆ ಪ್ರಶ್ನೆಗಳಿಗೆ ನನಗೆ ತಿಳಿದ ಉತ್ತರಗಳು ಇಲ್ಲಿವೆ.

ವೈಯಕ್ತಿಕ ಇಂಟರ್ನೆಟ್ ರೇಡಿಯೋ ಎಂದರೇನು? ಆಕಾಶವಾಣಿಯನ್ನು ಮೊಬೈಲ್‌ನಲ್ಲಿ ಕೇಳುವುದೂ ಅದೇ ಅಲ್ಲವೇ?

ಅಲ್ಲ. ನ್ಯೂಸ್‌ಆನ್‌ಏರ್ ಆ್ಯಪ್‌ನಲ್ಲಿ ಆಕಾಶವಾಣಿ ಕೇಳುವಾಗ ಹುಬ್ಬಳ್ಳಿಯವರಿಗೂ ಹ್ಯೂಸ್ಟನ್‌ನವರಿಗೂ ಒಂದೇ ಪ್ರಸಾರ ಸಿಗುತ್ತದೆ. ದಾರಿ ಮಾತ್ರ ಇಂಟರ್ನೆಟ್, ನಿಲಯ ಹಳೆಯದೇ. ವೈಯಕ್ತಿಕ ರೇಡಿಯೋದಲ್ಲಿ ಕೇಳುಗರು ಎಷ್ಟು ಮಂದಿಯೋ ಅಷ್ಟು ನಿಲಯಗಳು. ನೀವು ಒಂದು ಹಾಡನ್ನೋ ಒಬ್ಬ ಗಾಯಕರನ್ನೋ ಹೆಸರಿಸಿದರೆ ಸಾಕು, ಅದಕ್ಕೆ ಹೊಂದುವ ಹಾಡುಗಳ ಸಾಲು ನಿಮಗಾಗಿಯೇ ಹೊರಡುತ್ತದೆ. ಮೆಚ್ಚಿದರೆ ಮೆಚ್ಚುಗೆ ಒತ್ತುತ್ತೀರಿ, ಬೇಡವಾದರೆ ದಾಟಿಸುತ್ತೀರಿ, ಸಾಲು ಅದಕ್ಕೆ ತಕ್ಕಂತೆ ಬದಲಾಗುತ್ತಾ ಹೋಗುತ್ತದೆ. ಅಮೆರಿಕದ ಪಂಡೋರಾ 2005ರಲ್ಲಿ ಈ ಬಗೆಯನ್ನು ಮನೆಮಾತಾಗಿಸಿತು. ಇಂದು ಸ್ಪಾಟಿಫೈ, ಯೂಟ್ಯೂಬ್ ಮ್ಯೂಸಿಕ್, ಜಿಯೋಸಾವನ್‌ನಂಥ ಆ್ಯಪ್‌ಗಳಲ್ಲಿ ಹಾಡಿನ ಪಕ್ಕದಲ್ಲಿ ‘ರೇಡಿಯೋ’ ಎಂಬ ಹೆಸರಿನಲ್ಲಿ, ಇಲ್ಲವೇ ಹಾಡು ಮುಗಿದ ಕೂಡಲೇ ತಾನಾಗಿ ಶುರುವಾಗುವ ಸಾಲಿನ ರೂಪದಲ್ಲಿ ಸಿಗುವುದು ಇದೇ ವಂಶದ್ದು.

ನನಗೆ ಯಾವ ಹಾಡು ಇಷ್ಟವಾಗುತ್ತದೆ ಎಂದು ಅದಕ್ಕೆ ಹೇಗೆ ಗೊತ್ತಾಗುತ್ತದೆ?

ಎರಡು ದಾರಿಗಳಿವೆ. ಎರಡನ್ನೂ ಬಿಡಿಸಿ ಹೇಳುತ್ತೇನೆ, ಏಕೆಂದರೆ ಮುಂದಿನ ಬಹುತೇಕ ಪ್ರಶ್ನೆಗಳ ಬೇರು ಇಲ್ಲೇ ಇದೆ.

ಮೊದಲನೆಯದು ಹಾಡನ್ನೇ ಬಿಚ್ಚಿ ನೋಡುವ ದಾರಿ. ಪಿಯಾನೋ ವಾದಕರಾಗಿದ್ದ ಟಿಮ್ ವೆಸ್ಟರ್‌ಗ್ರೆನ್ ಇಬ್ಬರು ಗೆಳೆಯರೊಡನೆ 2000ದಲ್ಲಿ ಕಟ್ಟಿದ ಕಂಪನಿಯೇ ಮುಂದೆ ಪಂಡೋರಾ ಆಯಿತು. ಅವರ ‘ಮ್ಯೂಸಿಕ್ ಜಿನೋಮ್ ಪ್ರಾಜೆಕ್ಟ್’ನಲ್ಲಿ ಸಂಗೀತ ಕಲಿತವರು ಕುಳಿತು ಒಂದೊಂದು ಹಾಡನ್ನೂ ಕೇಳಿ, 450ರವರೆಗಿನ ಲಕ್ಷಣಗಳಿಗೆ ಅಂಕ ಕೊಡುತ್ತಾರೆ. ದನಿ ಒರಟೋ ನುಣುಪೋ, ಲಯ ಎಂಥದ್ದು, ಗಿಟಾರ್ ಮುಂದಿದೆಯೋ ಹಿಂದಿದೆಯೋ, ಸ್ವರಮೇಳ ಹೇಗಿದೆ ಎಂದು ಎಲ್ಲವನ್ನೂ ಗುರುತು ಮಾಡಿಕೊಳ್ಳುತ್ತಾರೆ. ಒಂದು ಹಾಡಿಗೆ ಇಪ್ಪತ್ತು ಮೂವತ್ತು ನಿಮಿಷ ಬೇಕಾಗುತ್ತದೆ. ಹೀಗೆ ಮಾಡಿದಾಗ ಯಾರೂ ಕೇಳಿರದ ಗಾಯಕನ ಹಾಡೂ ಪ್ರಸಿದ್ಧ ಗಾಯಕನ ಹಾಡಿನ ಪಕ್ಕದಲ್ಲಿ ಬಂದು ಕೂರಬಲ್ಲದು, ಏಕೆಂದರೆ ಹೋಲಿಕೆ ನಡೆಯುವುದು ಹಾಡಿನ ಗುಣದ ಮೇಲೆ. ನನಗೆ ಈ ದಾರಿಯ ಮೇಲೆ ಹೆಚ್ಚು ಗೌರವ.

ಎರಡನೆಯದು ಕೇಳುಗರನ್ನು ನೋಡುವ ದಾರಿ. 2002ರಲ್ಲಿ ಲಂಡನ್‌ನಲ್ಲಿ ಶುರುವಾದ ಲಾಸ್ಟ್ ಎಫ್ಎಂ ಇದನ್ನು ಜನರಿಗೆ ಪರಿಚಯಿಸಿತು. ನೀವು ಕೇಳಿದ ಪ್ರತಿ ಹಾಡನ್ನೂ ಅದು ದಾಖಲಿಸಿಕೊಳ್ಳುತ್ತಿತ್ತು. ನಿಮ್ಮಂತೆಯೇ ಕೇಳುವ ಸಾವಿರ ಜನ ಇನ್ನೇನು ಕೇಳಿದ್ದಾರೆ ಎಂದು ನೋಡಿ ಅದನ್ನು ನಿಮಗೂ ಬಡಿಸುತ್ತಿತ್ತು. ಇಂದಿನ ಆ್ಯಪ್‌ಗಳು ಎರಡನ್ನೂ ಬೆರೆಸುತ್ತವೆ, ಆದರೆ ಭಾರವೆಲ್ಲ ಈ ಎರಡನೆಯದರ ಮೇಲೆ. ಕೋಟಿಗಟ್ಟಲೆ ಹಾಡುಗಳನ್ನು ಮನುಷ್ಯರು ಕೂತು ಕೇಳಿ ಮುಗಿಸಲಾರರು, ಲೆಕ್ಕ ಹಾಕುವುದು ಸುಲಭ. ಹಾಗಾಗಿ ಜನ ಕೇಳಿದ್ದು ಮುಂದೆ ಬರುತ್ತದೆ, ಕೇಳದೆ ಬಿಟ್ಟದ್ದು ಇನ್ನಷ್ಟು ಹಿಂದೆ ಸರಿಯುತ್ತದೆ.

ಕೇಳುಗನಿಗೆ ನಿಜವಾದ ಲಾಭವೇನು?

ಆಯ್ಕೆಯ ಆಯಾಸ ತಪ್ಪುತ್ತದೆ. ಕೈಯಲ್ಲಿ ರೊಟ್ಟಿ ಹಿಟ್ಟು ಮೆತ್ತಿಕೊಂಡಿರುವಾಗ, ಬಸ್ಸಿನಲ್ಲಿ ಕಂಬ ಹಿಡಿದು ನಿಂತಿರುವಾಗ ಪ್ರತಿ ಐದು ನಿಮಿಷಕ್ಕೊಮ್ಮೆ ಹಾಡು ಹುಡುಕಲು ಯಾರಿಗೂ ಆಗುವುದಿಲ್ಲ.

ಇದಕ್ಕಿಂತ ದೊಡ್ಡ ಲಾಭ ಗುರುತಿಲ್ಲದವರ ಪರಿಚಯ. ಎಫ್ಎಂ ನಿಲಯವೊಂದು ಲಕ್ಷಾಂತರ ಜನರನ್ನು ಒಟ್ಟಿಗೆ ಹಿಡಿದಿಡಬೇಕು, ಹಾಗಾಗಿ ಎಲ್ಲರಿಗೂ ಒಪ್ಪುವ ಹಾಡನ್ನೇ ತಿರುಗಿ ತಿರುಗಿ ಹಾಕುತ್ತದೆ. ನಿಮ್ಮೊಬ್ಬರಿಗಾಗಿ ನಡೆಯುವ ನಿಲಯಕ್ಕೆ ಆ ಕಟ್ಟುಪಾಡಿಲ್ಲ. ಸಾರಂಗಿ ಮಾತ್ರ ಬೇಕು ಎಂದರೆ ಸಾರಂಗಿಯನ್ನೇ ಗಂಟೆಗಟ್ಟಲೆ ಕೊಡುತ್ತದೆ. ನಾನು ಒಮ್ಮೆ ಘಟಂ ತನಿಯೊಂದರಿಂದ, ಅಂದರೆ ಆ ವಾದ್ಯದ ಒಂಟಿ ವಾದನದಿಂದ, ನಿಲಯ ಶುರುಮಾಡಿದೆ. ಮೃದಂಗ, ಖಂಜಿರ, ಮೋರ್ಸಿಂಗ್ ದಾಟಿ ಸುಮಾರು ಒಂದು ಗಂಟೆಯ ಹೊತ್ತಿಗೆ ಇರಾನಿನ ತೊಂಬಕ್ ವಾದನಕ್ಕೆ ಬಂದು ನಿಂತಿತು. ಆ ವಾದ್ಯದ ಹೆಸರನ್ನೇ ನಾನು ಅದುವರೆಗೆ ಕೇಳಿರಲಿಲ್ಲ. ಚರ್ಮದ ಅಂಚಿನಲ್ಲಿ ಬೆರಳು ಉರುಳಿಸುವ ಆ ನಾದಕ್ಕೆ ಕೆಲಸ ಬಿಟ್ಟು ಕುಳಿತೆ. ಇಂಥ ಒಂದು ಗಳಿಗೆಗಾಗಿ ನಾನು ಈ ಯಂತ್ರದ ಎಷ್ಟೋ ತಪ್ಪುಗಳನ್ನು ಕ್ಷಮಿಸುತ್ತೇನೆ.

ಪಂಡೋರಾದಲ್ಲಿ ಆರು ಹಾಡು ದಾಟಿಸಿದ ಮೇಲೆ ಏಕೆ ಬಿಡುವುದಿಲ್ಲ? ಕೇಳಿದ ಹಾಡನ್ನೇ ಏಕೆ ಹಾಕುವುದಿಲ್ಲ?

ಅಮೆರಿಕದಲ್ಲಿರುವ ನಮ್ಮವರು ಕೇಳುವ ಪ್ರಶ್ನೆ ಇದು. ಕಾರಣ ಕಾನೂನಿನಲ್ಲಿದೆ. ಅಮೆರಿಕದ 1998ರ ಡಿಜಿಟಲ್ ಕಾಪಿರೈಟ್ ಕಾಯ್ದೆಯ ಪ್ರಕಾರ, ಕೇಳುಗನ ಮರ್ಜಿಗೆ ತಕ್ಕಂತೆ ಹಾಡು ಕೊಡದ ರೇಡಿಯೋ ಮಾತ್ರ ನಿಗದಿತ ದರ ಕಟ್ಟಿ ಎಲ್ಲರ ಹಾಡನ್ನೂ ಪ್ರಸಾರ ಮಾಡಬಹುದು. ಕೇಳಿದ ಹಾಡನ್ನು ಕೇಳಿದ ಕ್ಷಣಕ್ಕೆ ಕೊಡಬೇಕೆಂದರೆ ಪ್ರತಿ ರೆಕಾರ್ಡ್ ಕಂಪನಿಯೊಡನೆ ಬೇರೆ ಬೇರೆ ಒಪ್ಪಂದ ಬೇಕು. ಮೊದಲ ಬಗೆಗೆ ಇನ್ನೂ ಕೆಲವು ಷರತ್ತುಗಳಿವೆ: ಮೂರು ಗಂಟೆಯೊಳಗೆ ಒಂದೇ ಆಲ್ಬಮ್‌ನ ಮೂರಕ್ಕಿಂತ ಹೆಚ್ಚು ಹಾಡು, ಒಬ್ಬರೇ ಕಲಾವಿದರ ನಾಲ್ಕಕ್ಕಿಂತ ಹೆಚ್ಚು ಹಾಡು ಬರುವಂತಿಲ್ಲ, ಮುಂದೆ ಯಾವ ಹಾಡು ಬರುತ್ತದೆಂದು ಮೊದಲೇ ಪ್ರಕಟಿಸುವಂತಿಲ್ಲ. ಒಂದು ನಿಲಯದಲ್ಲಿ ಗಂಟೆಗೆ ಆರು ಬಾರಿ ದಾಟಿಸಬಹುದೆಂಬ ಪಂಡೋರಾದ ಮಿತಿಯೂ ಈ ಗೆರೆಯೊಳಗೆ ಉಳಿಯಲು ಬಂದದ್ದು. ಹಣ ಕೊಡುವವರಿಗಾಗಿ ಬೇಕಾದ ಹಾಡು ಕೊಡುವ ಸೇವೆಯನ್ನು ಅದು 2017ರಲ್ಲಿ ಬೇರೆಯಾಗಿಯೇ ತೆರೆಯಬೇಕಾಯಿತು.

ಭಾರತದಲ್ಲಿ ಪಂಡೋರಾ ಏಕೆ ಸಿಗುವುದಿಲ್ಲ?

ಆ ಕಾನೂನಿನ ಅನುಕೂಲ ಅಮೆರಿಕದ ಗಡಿಗೆ ಮುಗಿಯುತ್ತದೆ. 2007ರ ಮೇ ತಿಂಗಳಲ್ಲಿ ಪಂಡೋರಾ ಹೆಚ್ಚಿನ ಹೊರದೇಶಗಳಿಗೆ ಬಾಗಿಲು ಹಾಕಿತು. ನಡುವೆ ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ಕೆಲವು ವರ್ಷ ನಡೆದು 2017ರಲ್ಲಿ ಅಲ್ಲೂ ನಿಂತಿತು. ರಜೆಗೆಂದು ಊರಿಗೆ ಬಂದವರ ಮೊಬೈಲ್‌ನಲ್ಲಿ ಅವರ ನಿಲಯಗಳೆಲ್ಲ ಮೂಕವಾಗುವುದು ಇದರಿಂದ. ನಮ್ಮಲ್ಲಿ ಗಾನಾ 2010ರಿಂದ ಇದೆ. ಸ್ಪಾಟಿಫೈ, ಯೂಟ್ಯೂಬ್ ಮ್ಯೂಸಿಕ್ ಎರಡೂ 2019ರಲ್ಲಿ ಬಂದವು. ಇವು ರೇಡಿಯೋ ಮಾತ್ರ ಅಲ್ಲ, ಬೇಕಾದ ಹಾಡನ್ನು ಹುಡುಕಿ ಕೇಳುವ ಅಂಗಡಿಗಳು.

ಕನ್ನಡ ಹಾಡಿನಿಂದ ಶುರುಮಾಡಿದರೂ ಅರ್ಧ ಗಂಟೆಯಲ್ಲಿ ಬೇರೆ ಭಾಷೆಗೆ ಏಕೆ ಹೊರಳುತ್ತದೆ?

ನನಗೆ ಅತಿ ಹೆಚ್ಚು ಬಂದ ಪ್ರಶ್ನೆ, ನನ್ನ ಮನಸ್ಸಿಗೂ ಅತಿ ಹತ್ತಿರವಾದದ್ದು.

ಮೊದಲ ಕಾರಣ ಗಾಯಕರು. ಎಸ್. ಜಾನಕಿ, ಎಸ್.ಪಿ. ಬಾಲಸುಬ್ರಹ್ಮಣ್ಯಂ, ಪಿ.ಬಿ. ಶ್ರೀನಿವಾಸ್ ನಮ್ಮವರೇ ಎಂದು ನಾವು ಎದೆಗೆ ಹಚ್ಚಿಕೊಂಡಿದ್ದೇವೆ. ಆದರೆ ಅವರು ತಮಿಳು, ತೆಲುಗಿನಲ್ಲೂ ಅಷ್ಟೇ ಹಾಡಿದವರು. ಯಂತ್ರ ದನಿಯ ಹೆಸರು ಹಿಡಿದು ಹೊರಟರೆ ಭಾಷೆಯ ಗಡಿ ಅದಕ್ಕೆ ಕಾಣುವುದಿಲ್ಲ. ಎರಡನೆಯದು ಕೇಳುಗರ ಸಂಖ್ಯೆ. ಕನ್ನಡ ಕೇಳುವವರಲ್ಲಿ ಹೆಚ್ಚಿನವರು ಹಿಂದಿಯನ್ನೂ ತಮಿಳನ್ನೂ ಕೇಳುತ್ತಾರೆ, ಆ ಹಾಡುಗಳ ಲೆಕ್ಕ ದೊಡ್ಡದು, ಸಾಲು ಇಳಿಜಾರಿನ ನೀರಿನಂತೆ ಅತ್ತ ಹರಿಯುತ್ತದೆ.

ಮೂರನೆಯದು ಹೆಸರುಪಟ್ಟಿಯ ಅಸ್ತವ್ಯಸ್ತ. ನಮ್ಮ ಹಾಡಿಗೆ ಕವಿ ಒಬ್ಬರು, ರಾಗ ಸಂಯೋಜನೆ ಇನ್ನೊಬ್ಬರದು, ಹಾಡಿದವರು ಮತ್ತೊಬ್ಬರು. ಮೈಸೂರು ಅನಂತಸ್ವಾಮಿಯವರು ಸ್ವರ ಹಾಕಿದ ಭಾವಗೀತೆಯನ್ನು ಹತ್ತು ಜನ ಹಾಡಿರುತ್ತಾರೆ. ಆ್ಯಪ್‌ನಲ್ಲಿ ಅವರ ಹೆಸರು ಕೆಲವೆಡೆ ಇರುತ್ತದೆ, ಕೆಲವೆಡೆ ಇರುವುದೇ ಇಲ್ಲ. ಸಿ. ಅಶ್ವಥ್ ಎಂಬ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಮೂರು ಬಗೆಯಾಗಿ ಬರೆದರೆ ಯಂತ್ರಕ್ಕೆ ಅವರು ಮೂವರು ಅಶ್ವಥರು. ಕವಿಯ ಹೆಸರು ಹಿಡಿದು ನಿಲಯ ಕಟ್ಟುವುದಂತೂ ಬಹುಮಟ್ಟಿಗೆ ಆಗದ ಮಾತು. ಕಾವ್ಯವನ್ನೇ ಹಾಡಾಗಿಸಿಕೊಂಡ ಭಾಷೆಗೆ ಇದು ಸಣ್ಣ ಕೊರತೆಯಲ್ಲ.

ಒಂದು ಸಂಜೆ ಮಲ್ಲಿಕಾರ್ಜುನ ಮನ್ಸೂರರು ಹಾಡಿದ ವಚನವೊಂದನ್ನು ಕೊಟ್ಟು, ಏನು ಬರುತ್ತದೆ ಎಂದು ಕಾಗದದಲ್ಲಿ ಗುರುತು ಹಾಕುತ್ತಾ ಕುಳಿತೆ. ಎರಡನೆಯದು ಅವರದೇ ಇನ್ನೊಂದು ವಚನ. ಮೂರನೆಯದು ಅವರ ಖಯಾಲ್, ಅಂದರೆ ಹಿಂದೂಸ್ತಾನಿ ರಾಗ ಗಾಯನ. ನಾಲ್ಕನೆಯದು ಬೇರೊಬ್ಬರ ಖಯಾಲ್, ಅಲ್ಲಿಗೆ ಬಸವಣ್ಣ ಕೈಬಿಟ್ಟರು. ಆರನೆಯದು ಹಿಂದಿ ಭಜನೆ, ಒಂಬತ್ತನೆಯದು ಸಿನಿಮಾದ ಭಕ್ತಿಗೀತೆ. ಪ್ರತಿ ಹೆಜ್ಜೆಗೂ ಒಂದು ತರ್ಕವಿದೆ: ಅದೇ ಗಾಯಕರು, ಅದೇ ಶೈಲಿ, ಅದೇ ಭಕ್ತಿ. ಆದರೆ ವಚನ ಕೇಳಲು ಕುಳಿತವನಿಗೆ ಬೇಕಾದದ್ದು ಬಸವರಾಜ ರಾಜಗುರು ಅವರ ವಚನ, ಆಮೇಲೆ ಅಕ್ಕನ ವಚನ. ಆ ನಂಟು ಧಾರವಾಡದ ಯಾವ ಕೇಳುಗನಿಗೂ ಹೇಳದೆ ತಿಳಿಯುತ್ತದೆ, ಯಂತ್ರಕ್ಕೆ ಯಾರಾದರೂ ಬರೆದಿಡಬೇಕು.

ಮದ್ದು ಒಂದಿದೆ. ಒಂದು ಹಾಡಿನಿಂದ ಶುರುಮಾಡಬೇಡಿ. ಹದಿನೈದು ಇಪ್ಪತ್ತು ಹಾಡುಗಳ ಪಟ್ಟಿಯನ್ನು ನೀವೇ ಕಟ್ಟಿ, ಆ ಪಟ್ಟಿಯಿಂದ ರೇಡಿಯೋ ಶುರುಮಾಡಿ. ಬೇರೆ ಭಾಷೆಯ ಹಾಡು ಬಂದರೆ ಸುಮ್ಮನೆ ಕೇಳುತ್ತಾ ಕೂರದೆ ಮೊದಲ ಕೆಲವು ಸೆಕೆಂಡಿನಲ್ಲೇ ದಾಟಿಸಿ. ಮೆಚ್ಚಿದ ಕನ್ನಡ ಹಾಡಿಗೆ ತಪ್ಪದೆ ಮೆಚ್ಚುಗೆ ಒತ್ತಿ. ವಾರ ಎರಡು ವಾರ ಹೀಗೆ ತಿದ್ದಿದರೆ ನಿಲಯ ಬಹಳಷ್ಟು ದಾರಿಗೆ ಬರುತ್ತದೆ.

ಶಾಸ್ತ್ರೀಯ ಸಂಗೀತ ಕೇಳುವವರಿಗೆ ಒಗ್ಗುತ್ತದೆಯೇ?

ಅರ್ಧಂಬರ್ಧ. ಈ ವ್ಯವಸ್ಥೆ ಹುಟ್ಟಿದ್ದೇ ಮೂರು ನಾಲ್ಕು ನಿಮಿಷದ ಹಾಡಿಗಾಗಿ. ನಿಧಾನಗತಿಯ ವಿಲಂಬಿತ ಖಯಾಲ್ ಮೂವತ್ತೈದು ನಿಮಿಷ, ಅದರ ಬೆನ್ನಿಗೆ ವೇಗದ ದ್ರುತ್ ಎಂಟು ನಿಮಿಷ. ಇವನ್ನು ಎರಡು ತುಂಡುಗಳಾಗಿ ಹಾಕಿರುತ್ತಾರೆ. ರೇಡಿಯೋ ಸಾಲಿನಲ್ಲಿ ದ್ರುತ್ ಒಂಟಿಯಾಗಿ ಬರುತ್ತದೆ. ಅಡಿಗಲ್ಲಿಲ್ಲದೆ ಗೋಪುರ ಕಂಡಂತೆ ನನಗಾಗುತ್ತದೆ. ಹೊತ್ತಿನ ಪ್ರಜ್ಞೆಯೂ ಅದಕ್ಕಿಲ್ಲ, ದೀಪ ಹಚ್ಚುವ ಹೊತ್ತಿಗೆ ಬೆಳಗಿನ ರಾಗವಾದ ತೋಡಿ ಬರುತ್ತದೆ.

ಇನ್ನೂ ಸೂಕ್ಷ್ಮವಾದ ತೊಂದರೆ ಒಂದಿದೆ. ಮನ್ಸೂರರದು ಜೈಪುರ-ಅತ್ರೌಲಿ ಘರಾಣೆ (ಗಾಯನ ಪರಂಪರೆ), ಅಪರೂಪದ ರಾಗಗಳ ಭಂಡಾರ. ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಕಿರಾಣಾ ಘರಾಣೆಯವರು. ರಾಗವನ್ನು ಬಿಡಿಸುವ ಬಗೆಯೇ ಬೇರೆ. ಆದರೆ ಆ್ಯಪ್‌ನಲ್ಲಿ ಮೂವರೂ ‘ಹಿಂದೂಸ್ತಾನಿ ಗಾಯನ’ ಎಂಬ ಒಂದೇ ಬುಟ್ಟಿಯಲ್ಲಿ. ಹೊಸದಾಗಿ ಕೇಳುವವರಿಗೆ ಇದರಿಂದ ನಷ್ಟವಿಲ್ಲ, ಮೂವರೂ ಒಂದೇ ಮಧ್ಯಾಹ್ನ ಸಿಗುವುದು ಅವರ ಭಾಗ್ಯ. ಕಿವಿ ಪಳಗಿದವರು ಮಾತ್ರ ರಾಗದ ಹೆಸರಿನಿಂದ ತಾವೇ ಹುಡುಕುವುದು ಒಳ್ಳೆಯದು.

ಅದೇ ಹಾಡುಗಳು ಮತ್ತೆ ಮತ್ತೆ ಬರುತ್ತವೆ. ನನ್ನ ತಪ್ಪೇ?

ಸ್ವಲ್ಪ ನಿಮ್ಮದೂ ಹೌದು. ಹಿಡಿಸಿದ ಹಾಡಿಗಷ್ಟೇ ಮೆಚ್ಚುಗೆ ಒತ್ತುತ್ತಾ ಹೋದರೆ ಬೇಲಿ ಚಿಕ್ಕದಾಗುತ್ತಾ ಬರುತ್ತದೆ. ಯಂತ್ರವೂ ಧೈರ್ಯವಂತನಲ್ಲ, ನೀವು ದಾಟಿಸುವ ಅಪಾಯವಿರುವ ಹಾಡಿಗಿಂತ ಕೊನೆಯವರೆಗೆ ಕೇಳಿದ್ದನ್ನೇ ಮತ್ತೆ ಕೊಡುವುದು ಅದಕ್ಕೆ ಕ್ಷೇಮ. ತಿಂಗಳಿಗೊಮ್ಮೆ ಹೊಸ ನಿಲಯ ಶುರುಮಾಡಿ.

ಮನೆಯವರೆಲ್ಲ ಒಂದೇ ಖಾತೆಯಲ್ಲಿ ಕೇಳಬಹುದೇ?

ಬೇಡ. ನಮ್ಮ ಮನೆಗೆ ಅಕ್ಕನ ಮೊಮ್ಮಗಳು ಹದಿನೈದು ದಿನ ಬಂದಿದ್ದಳು. ಊಟ ಮಾಡಿಸುವಾಗಲೆಲ್ಲ ನನ್ನ ಫೋನಿನಲ್ಲಿ ಶಿಶುಗೀತೆ. ಮಗು ಊರಿಗೆ ಹೋಗಿ ಎರಡು ತಿಂಗಳಾದರೂ ನನ್ನ ಬೆಳಗಿನ ನಿಲಯದಲ್ಲಿ ವೀಣೆ ಮುಗಿಯುತ್ತಿದ್ದಂತೆ ಆನೆಯ ಹಾಡು ಬರುತ್ತಿತ್ತು. ಯಾರು ಕೇಳಿದರು ಎಂಬುದು ಆ್ಯಪ್‌ಗೆ ಕಾಣುವುದಿಲ್ಲ, ಯಾವ ಖಾತೆಯಲ್ಲಿ ಕೇಳಿದರು ಎಂಬುದಷ್ಟೇ ಕಾಣುತ್ತದೆ. ಮನೆಯವರೆಲ್ಲರಿಗೂ ಸೇರಿದ ಚಂದಾ (ಫ್ಯಾಮಿಲಿ ಪ್ಲಾನ್) ಇದ್ದರೆ ಪ್ರತಿಯೊಬ್ಬರಿಗೂ ಬೇರೆ ಖಾತೆ ಮಾಡಿಕೊಡಿ. ಇಲ್ಲದಿದ್ದರೆ ಕೇಳಿದ್ದು ದಾಖಲಾಗದಂತೆ ತಡೆಯುವ ಖಾಸಗಿ ಆಯ್ಕೆ ಕೆಲವು ಆ್ಯಪ್‌ಗಳ ಸೆಟ್ಟಿಂಗ್ಸ್‌ನಲ್ಲಿದೆ, ಮಕ್ಕಳ ಕೈಗೆ ಕೊಡುವ ಮುಂಚೆ ಅದನ್ನು ಹಾಕಿ. ನೀವು ಎಷ್ಟು ಹೊತ್ತಿಗೆ ಏಳುತ್ತೀರಿ, ಯಾವಾಗ ನಿದ್ದೆ ಬಾರದೆ ಹಾಡು ಹಚ್ಚುತ್ತೀರಿ ಎಂಬುದೆಲ್ಲ ಆ ದಾಖಲೆಯಲ್ಲಿರುತ್ತದೆ ಎಂಬುದನ್ನೂ ನೆನಪಿಡಿ.

ಬರುವ ಹಾಡುಗಳೆಲ್ಲ ನನ್ನ ರುಚಿಯನ್ನು ನೋಡಿಯೇ ಬರುತ್ತವೆಯೇ? ಹಣದ ಕೈವಾಡವಿಲ್ಲವೇ?

ಇದೆ, ಮತ್ತು ಕೇಳುಗರಿಗೆ ಗೊತ್ತಿರಲೇಬೇಕು. ಸ್ಪಾಟಿಫೈ 2020ರಲ್ಲಿ ‘ಡಿಸ್ಕವರಿ ಮೋಡ್’ ಎಂಬುದನ್ನು ಪ್ರಕಟಿಸಿತು. ಕಲಾವಿದರೋ ರೆಕಾರ್ಡ್ ಕಂಪನಿಯೋ ಒಂದು ಹಾಡನ್ನು ಅದಕ್ಕೆ ಸೇರಿಸಿದರೆ, ರೇಡಿಯೋ ಮತ್ತು ತಾನಾಗಿ ನಡೆಯುವ ಸಾಲುಗಳಲ್ಲಿ ಆ ಹಾಡು ಬರುವ ಸಾಧ್ಯತೆ ಹೆಚ್ಚುತ್ತದೆ. ಪ್ರತಿಯಾಗಿ ಅಲ್ಲಿ ಕೇಳಿಸಿಕೊಂಡದ್ದಕ್ಕೆ ಅವರು ಕಡಿಮೆ ಗೌರವಧನ ಒಪ್ಪಿಕೊಳ್ಳುತ್ತಾರೆ. ನಿಮ್ಮ ರುಚಿಗೆ ದೂರವಾದ ಹಾಡನ್ನು ತುರುಕಲು ಆಗದು, ದಾಟಿಸಿಬಿಡುತ್ತೀರಿ. ಆದರೆ ಸಮನಾದ ಎರಡು ಹಾಡುಗಳಿದ್ದಾಗ ತಕ್ಕಡಿ ಯಾವ ಕಡೆ ವಾಲುತ್ತದೆ ಎಂಬುದರಲ್ಲಿ ವ್ಯವಹಾರ ಸೇರಿಕೊಂಡಿದೆ. ಇಂಥ ಹಾಡಿನ ಪಕ್ಕದಲ್ಲೇ ಒಂದು ಗುರುತು ಕಾಣುವಂತಿರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಕಲಾವಿದರಿಗೆ ಏನು ಸಿಗುತ್ತದೆ?

ಅಮೆರಿಕದ ಮಟ್ಟಿಗೆ ಒಂದು ನ್ಯಾಯದ ಮಾತಿದೆ. ಅಲ್ಲಿನ ಎಎಂ, ಎಫ್ಎಂ ನಿಲಯಗಳು ಹಾಡು ಬರೆದವರಿಗೆ ಹಣ ಕೊಡುತ್ತವೆ, ರೆಕಾರ್ಡಿನಲ್ಲಿ ಹಾಡಿದವರಿಗೆ ಕೊಡುವುದಿಲ್ಲ. ಇಂಟರ್ನೆಟ್ ರೇಡಿಯೋ ಇಬ್ಬರಿಗೂ ಕೊಡಲೇಬೇಕು. ರೆಕಾರ್ಡಿಗೆ ಸಲ್ಲುವ ಹಣವನ್ನು ಸೌಂಡ್‌ಎಕ್ಸ್‌ಚೇಂಜ್ ಎಂಬ ಸಂಸ್ಥೆ ವಸೂಲು ಮಾಡಿ ಹಂಚುತ್ತದೆ: ನೂರರಲ್ಲಿ 50 ಪಾಲು ರೆಕಾರ್ಡಿನ ಹಕ್ಕುದಾರರಿಗೆ, 45 ಮುಖ್ಯ ಕಲಾವಿದರಿಗೆ, 5 ಪಕ್ಕವಾದ್ಯ, ಸಹಗಾಯನದವರಿಗೆ. ಇನ್ನೊಂದು ಕಡೆ, ಹನ್ನೆರಡು ತಿಂಗಳಲ್ಲಿ 1,000 ಬಾರಿಯೂ ಕೇಳಿಸಿಕೊಳ್ಳದ ಹಾಡಿಗೆ ಸ್ಪಾಟಿಫೈ 2024ರಿಂದ ಏನೂ ಕೊಡುತ್ತಿಲ್ಲ. ಸಣ್ಣ ಊರಿನ ಸುಗಮ ಸಂಗೀತ ಗಾಯಕಿಗೆ, ಯಕ್ಷಗಾನದ ಭಾಗವತರಿಗೆ ಆ ಗೆರೆ ದೂರವೇ. ಅಂಥವರ ಹಾಡು ನಿಮಗೆ ಸಿಕ್ಕಿದರೆ ಉಳಿಸಿಕೊಳ್ಳಿ, ಮತ್ತೆ ಕೇಳಿ, ಸಾಧ್ಯವಾದರೆ ಅವರ ಸಂಗೀತ ಕಛೇರಿಗೇ ಹೋಗಿ.

ನಿನ್ನೆ ಇದ್ದ ಹಾಡು ಇಂದು ಏಕೆ ಮಾಯವಾಗುತ್ತದೆ?

ನಮ್ಮ ಕಾಪಿರೈಟ್ ಕಾಯ್ದೆಯ 31ಡಿ ಕಲಮು ರೇಡಿಯೋ, ಟಿವಿ ಪ್ರಸಾರಕ್ಕೆ ನಿಗದಿತ ದರದ ಪರವಾನಗಿ ಕೊಡುತ್ತದೆ. ಅದು ಇಂಟರ್ನೆಟ್ ಸೇವೆಗಳಿಗೆ ಅನ್ವಯಿಸದು ಎಂದು ಬಾಂಬೆ ಹೈಕೋರ್ಟ್ 2019ರಲ್ಲಿ ಹೇಳಿತು, 2022ರಲ್ಲಿ ವಿಭಾಗೀಯ ಪೀಠವೂ ಅದನ್ನೇ ಎತ್ತಿಹಿಡಿಯಿತು. ಹಾಗಾಗಿ ಆ್ಯಪ್‌ಗಳು ಪ್ರತಿ ಕಂಪನಿಯೊಡನೆ ಚೌಕಾಶಿ ಮಾಡಬೇಕು. ಮಾತು ಮುರಿದರೆ ಹಾಡು ಹೋಗುತ್ತದೆ. 2023ರಲ್ಲಿ ಜೀ ಮ್ಯೂಸಿಕ್‌ನ ಹಾಡುಗಳು ಸ್ಪಾಟಿಫೈನಿಂದ ಹೊರಬಿದ್ದದ್ದು ಹೀಗೆ.

ತಿಂಗಳಿಗೆ ಎಷ್ಟು ಡೇಟಾ ಖರ್ಚಾಗುತ್ತದೆ?

64 ಕೆಬಿಪಿಎಸ್ (ಸೆಕೆಂಡಿಗೆ ಹರಿಯುವ ಡೇಟಾದ ಅಳತೆ) ಗುಣಮಟ್ಟದಲ್ಲಿ ಗಂಟೆಗೆ ಸುಮಾರು 29 ಎಂಬಿ, 128ರಲ್ಲಿ 58, 320ರಲ್ಲಿ 144. ದಿನಕ್ಕೆ ಎರಡು ಗಂಟೆ 128ರಲ್ಲಿ ಕೇಳಿದರೆ ತಿಂಗಳಿಗೆ ಮೂರೂವರೆ ಜಿಬಿ. ಫೋನಿನ ಸ್ಪೀಕರಿನಲ್ಲಿ ಕೇಳುವವರಿಗೆ 320 ವ್ಯರ್ಥ. ಘಾಟಿಯಲ್ಲಿ ಸಿಗ್ನಲ್ ಹೋದರೆ ಯಾವ ಗುಣಮಟ್ಟವೂ ಕೆಲಸಕ್ಕೆ ಬಾರದು. ಆಗುಂಬೆ ಇಳಿಯುವ ಮುಂಚೆ ನಾಲ್ಕಾರು ಹಾಡು ಇಳಿಸಿಟ್ಟುಕೊಳ್ಳಿ.

ಸೇವೆಯೇ ಮುಚ್ಚಿಹೋದರೆ ನಾನು ಕಲಿಸಿದ್ದೆಲ್ಲ ಏನಾಗುತ್ತದೆ?

ಹೋಗುತ್ತದೆ. ಲಾಸ್ಟ್ ಎಫ್ಎಂ ತನ್ನ ರೇಡಿಯೋವನ್ನು 2014ರಲ್ಲಿ ನಿಲ್ಲಿಸಿತು. ಆ್ಯಪಲ್‌ನ ಐಟ್ಯೂನ್ಸ್ ರೇಡಿಯೋ 2013ರಲ್ಲಿ ಬಂದು 2016ರಲ್ಲಿ ಹೋಯಿತು. ನಮ್ಮಲ್ಲಿ ವಿಂಕ್ ಮ್ಯೂಸಿಕ್ 2024ರಲ್ಲಿ ಮುಚ್ಚಿತು. ವರ್ಷಗಟ್ಟಲೆ ಮೆಚ್ಚಿ, ದಾಟಿಸಿ ತಿದ್ದಿದ ರುಚಿಯನ್ನು ಬೇರೆಡೆಗೆ ಹೊತ್ತುಕೊಂಡು ಹೋಗುವ ದಾರಿ ಹೆಚ್ಚಾಗಿ ಇರುವುದಿಲ್ಲ. ನಾನು ಒಂದು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಹಾಡು, ಹಾಡಿದವರು, ಕವಿ, ರಾಗ ಎಂದು ನಾಲ್ಕು ಕಾಲಂ ಹಾಕಿ ಬರೆದಿಡುತ್ತೇನೆ.

ಇಷ್ಟೆಲ್ಲ ಇರುವಾಗ ಆಕಾಶವಾಣಿ ಇನ್ನೂ ಬೇಕೇ?

ನನಗಂತೂ ಬೇಕು. 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಶುರುಮಾಡಿದ ನಿಲಯದಿಂದ ಹಿಡಿದು, 2016ರ ಗಣರಾಜ್ಯೋತ್ಸವದಂದು ಬೆಂಗಳೂರಿನಿಂದ ಹೊರಟ ‘ರಾಗಂ’ ಶಾಸ್ತ್ರೀಯ ವಾಹಿನಿಯವರೆಗೆ, ಅಲ್ಲಿ ಒಬ್ಬ ಮನುಷ್ಯ ಹಾಡನ್ನು ಆರಿಸಿರುತ್ತಾನೆ, ಇನ್ನೊಬ್ಬರು ಅದರ ಹೆಸರು ಹೇಳುತ್ತಾರೆ. ರಾಗ ಯಾವುದು, ತಾಳ ಯಾವುದು, ಪಿಟೀಲಿನಲ್ಲಿ ಯಾರು, ಮೃದಂಗದಲ್ಲಿ ಯಾರು ಎಂದು ಉದ್ಘೋಷಕರು ನಿಧಾನವಾಗಿ ಹೇಳುವ ಆ ಅರ್ಧ ನಿಮಿಷ ನನ್ನ ಯಾವ ಆ್ಯಪ್‌ನಲ್ಲೂ ಸಿಕ್ಕಿಲ್ಲ. ನಾನು ಕೇಳದಿದ್ದ, ಕೇಳಬೇಕೆಂದು ತಿಳಿಯದಿದ್ದ ಸಂಗೀತ ನನಗೆ ಹೆಚ್ಚಾಗಿ ಬಂದದ್ದು ಆ ಕಡೆಯಿಂದ.

ಕಳೆದ ಮಳೆಗಾಲದ ಒಂದು ಬೆಳಿಗ್ಗೆ ಒಲೆಯ ಮೇಲೆ ಹಾಲಿಟ್ಟು ರೇಡಿಯೋ ಹಾಕಿದೆ. ವೀಣೆಯಲ್ಲಿ ರೀತಿಗೌಳ ಬರುತ್ತಿತ್ತು. ಗೊತ್ತಿರುವ ರಾಗವೇ, ಗಮಕ ಮಾತ್ರ ನಾನು ಕೇಳಿದ ಯಾರ ಹಾಗೂ ಇರಲಿಲ್ಲ. ಹಾಲು ಉಕ್ಕಿತು. ಕೊನೆಗೆ ನುಡಿಸಿದವರ ಹೆಸರು ಹೇಳಿದಾಗ ಕೈಗೆ ಸಿಕ್ಕ ಪೆನ್ಸಿಲಿನಿಂದ ಗೋಡೆಯ ಕ್ಯಾಲೆಂಡರಿನ ಮೂಲೆಯಲ್ಲಿ ಗೀಚಿಕೊಂಡೆ. ಮಧ್ಯಾಹ್ನ ಆ ಹೆಸರನ್ನು ಆ್ಯಪ್‌ನಲ್ಲಿ ಹುಡುಕಿದರೆ ಎರಡೇ ಧ್ವನಿಮುದ್ರಣಗಳಿದ್ದವು. ಅವುಗಳಲ್ಲಿ ಒಂದರಿಂದ ಹೊಸ ನಿಲಯ ಶುರುಮಾಡಿದ್ದೇನೆ.